ಜ್ವರಕ್ಕೆ ಕೂತ ಹುಳ, ಬಾಯಿ ಬಿಡದ ಪೆಟ್ಟಿಗೆ

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆ ಹಿಂದಿನ ಗಲ್ಲಿಯಲ್ಲಿ ಖುರ್ಷಿದ್ ಅವರ ರಿಪೇರಿ ಅಂಗಡಿ ಇದೆ. ಬೋರ್ಡಿಲ್ಲ. ಬಾಗಿಲಲ್ಲಿ ಒಂದು ಸ್ಟೌವು, ಅದರ ಮೇಲೆ ಸದಾ ಬಿಸಿನೀರಿನ ಪಾತ್ರೆ. ಹೊಸಬರು ಟೀ ಅಂಗಡಿ ಅಂದುಕೊಂಡು ಒಳಗೆ ಬಂದುಬಿಡುತ್ತಾರೆ.

ಆ ಪಾತ್ರೆ ಅವರ ಅಪ್ಪನ ಕಾಲದ ಕಸುಬಿನದು. ಅಪ್ಪ ಅಮಾನುಲ್ಲಾ ರೇಷ್ಮೆ ನೂಲು ತೆಗೆಯುತ್ತಿದ್ದರು. ಗೂಡನ್ನು ಬಿಸಿನೀರಿಗೆ ಹಾಕಿದರೆ ಹುಳ ಹಚ್ಚಿದ ಅಂಟು ಸಡಿಲವಾಗುತ್ತದೆ, ಆಮೇಲೆ ಎಳೆಯ ತುದಿ ಸಿಕ್ಕಿದರೆ ಇಡೀ ಗೂಡು ಬಿಚ್ಚಿಕೊಳ್ಳುತ್ತದೆ. ಖುರ್ಷಿದ್ ಫೋನು ಬಿಚ್ಚುವುದೂ ಹೀಗೇ. ಈಗಿನ ಫೋನಿಗೆ ಸ್ಕ್ರೂ ಎಲ್ಲಿದೆ, ಎಲ್ಲಾ ಅಂಟೇ ತಾನೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬಿಸಿನೀರಿನ ಮೇಲೆ ಹಿಡಿದು, ಅಂಚಿನಲ್ಲಿ ತೆಳ್ಳನೆಯ ಉಕ್ಕಿನ ಪಟ್ಟಿ ತೂರಿಸುತ್ತಾರೆ. "ಅಂಟು ಅಂದ್ಮೇಲೆ ಬಿಸಿಗೆ ಬಗ್ಗಲೇಬೇಕು. ಹುಳದ್ದಾಗ್ಲಿ, ಕಂಪನಿಯೋರದ್ದಾಗ್ಲಿ" ಎನ್ನುವುದು ಅವರ ಮಾತು.

ಆ ಮಾತು ಸುಳ್ಳಾದದ್ದು ಹೋದ ಜನವರಿಯಲ್ಲಿ, ಶ್ಯಾಮಲಮ್ಮ ಬಿಳಿ ಪೆಟ್ಟಿಗೆ ತಂದ ದಿನ.

ಶ್ಯಾಮಲಮ್ಮನದು ಅಂಬಾಜಿದುರ್ಗದ ತಪ್ಪಲಿನ ಹಳ್ಳಿ. ಬೆಳಿಗ್ಗೆ ಒಂಬತ್ತಕ್ಕೆಲ್ಲ ಎರಡು ಬಸ್ಸು ಬದಲಾಯಿಸಿ, ಚಿಂತಾಮಣಿ ಮೇಲೆ ಬಂದಿಳಿದಿದ್ದರು. ಸೆರಗಿನಲ್ಲಿ ಸುತ್ತಿದ್ದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು. ರೇಷ್ಮೆ ಹುಳ ಸಾಕುವ ಮನೆ ಎಷ್ಟು ಬಿಸಿಯಿದೆ ನೋಡಿಕೊಂಡು ಹೀಟರನ್ನು ತಾನೇ ಹಚ್ಚಿ ತಾನೇ ಆರಿಸುವ ಯಂತ್ರ ಅದು. ಒಂದು ವರ್ಷ ಗ್ಯಾರಂಟಿ, ಹದಿನಾಲ್ಕನೇ ತಿಂಗಳಿಗೆ ಕಣ್ಣು ಮುಚ್ಚಿತ್ತು.

"ಹುಳ ನಾಲ್ಕನೇ ಜ್ವರಕ್ಕೆ ಕೂತವೆ ಕಣಪ್ಪ" ಎಂದರು ಶ್ಯಾಮಲಮ್ಮ. "ನಾಳೆ ಮಧ್ಯಾಹ್ನಕ್ಕೆ ಏಳ್ಬೇಕು. ಚಳಿ ನೋಡಿದ್ರೆ ಹಿಂಗೈತೆ."

ಖುರ್ಷಿದ್ ಕೈಯಲ್ಲಿದ್ದ ಕೆಲಸ ಬಿಟ್ಟರು. ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹುಳ ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನದೆ, ತಲೆಯೆತ್ತಿಕೊಂಡು ಸುಮ್ಮನೆ ಕೂರುವುದಕ್ಕೆ ಜ್ವರ ಅನ್ನುತ್ತಾರೆ. ಬೆಚ್ಚಗಿದ್ದರೆ ಎಲ್ಲಾ ಒಟ್ಟಿಗೆ ಏಳುತ್ತವೆ. ಚಳಿ ಹಿಡಿದರೆ ಅರ್ಧ ಇವತ್ತು, ಅರ್ಧ ನಾಡಿದ್ದು. ಆಮೇಲೆ ಎದ್ದವಕ್ಕೆ ಸೊಪ್ಪು ಹಾಕಿದರೆ ಕೂತವಕ್ಕೆ ರೋಗ.

"ಹೀಟರ್ ನೇರವಾಗಿ ಕರೆಂಟಿಗೆ ಹಾಕ್ಬೋದಿತ್ತಲ್ಲಮ್ಮ?"

"ಅದ್ರ ಪಿನ್ನು ಈ ಪೆಟ್ಟಿಗೆಗೆ ಬಿಟ್ರೆ ಇನ್ಯಾವ್ದಕ್ಕೂ ಹೋಗಲ್ಲ. ಅಂಗ್ ಮಾಡವ್ರೆ."

ಪೆಟ್ಟಿಗೆ ತಿರುಗಿಸಿದರೆ ಒಂದೂ ಸ್ಕ್ರೂ ಇಲ್ಲ. ಅಡಿಯಲ್ಲಿ ಕೆಂಪು ಸ್ಟಿಕರ್: ಹರಿದರೆ ಕಂಪನಿ ಹೊಣೆಯಲ್ಲ. ಮೊದಲು ಕಂಪನಿಗೆ ಫೋನ್ ಮಾಡೋಣ, ಬದಲಿ ಕೊಟ್ಟರೂ ಕೊಟ್ಟಾರು ಎಂದು ಖುರ್ಷಿದ್ ನಂಬರ್ ಒತ್ತಿ ಸ್ಪೀಕರ್ ಹಾಕಿದರು. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಂದು ಹುಡುಗಿ ಸಿಕ್ಕಳು.

"ನಮಸ್ಕಾರ, ಹೇಳಿ, ಏನು ಸಮಸ್ಯೆ?"

"ನಿಮ್ಮ ಪೆಟ್ಟಿಗೆ ಕೆಟ್ಟೋಗೈತಮ್ಮ" ಎಂದು ಶ್ಯಾಮಲಮ್ಮನೇ ಬಾಯಿ ಹಾಕಿದರು. " ನಮ್ಮವು ಜ್ವರಕ್ಕೆ ಕೂತವೆ."

"ಯಾರಿಗೆ ಜ್ವರ ಮೇಡಂ?"

"ಹುಳಕ್ಕೆ."

ಆ ಕಡೆ ಕೀಬೋರ್ಡು ಟಕಟಕ ಅಂದಿತು. "ಮೇಡಂ, ಜ್ವರ ಇದ್ದರೆ ದಯವಿಟ್ಟು ಪಶುವೈದ್ಯರನ್ನು ಸಂಪರ್ಕಿಸಿ."

"ಕಾಯಿಲೆ ಜ್ವರ ಅಲ್ಲ ತಾಯಿ, ಒಳ್ಳೆ ಜ್ವರ. ಬಂದ್ರೇನೆ ಹುಳ ಬೆಳಿಯೋದು."

"ನಮ್ಮ ಉಪಕರಣದಿಂದ ಜ್ವರ ಬಂತು ಅಂತ ದೂರು ಬರೆದುಕೊಳ್ಳಲಾ ಮೇಡಂ?"

ಶ್ಯಾಮಲಮ್ಮ ಫೋನನ್ನೇ ದಿಟ್ಟಿಸಿದರು. "ಏಮಿ ಕರ್ಮಮೋ" ಎಂದು ತೆಲುಗಿನಲ್ಲಿ ಗೊಣಗಿ ಖುರ್ಷಿದ್ ಕಡೆಗೆ ತಳ್ಳಿದರು. ಅಷ್ಟರಲ್ಲಿ ಆ ಹುಡುಗಿ ಆರೋಗ್ಯದ ದೂರು ಅಂತ ಬರೆದುಕೊಂಡು ಕರೆಯನ್ನು ಬೇರೆ ವಿಭಾಗಕ್ಕೆ ಕಳಿಸಿಯಾಗಿತ್ತು. ಅಲ್ಲಿಂದ ಇನ್ನೊಂದಕ್ಕೆ. ಕೊನೆಗೆ ಒಬ್ಬಾತ ಸಿಕ್ಕಿ, ರಿಪೇರಿ ಅನ್ನುವುದೇ ತಮ್ಮಲ್ಲಿಲ್ಲ, ಹೊಸ ಮಾಡೆಲ್ ಬಂದಿದೆ, ಹತ್ತು ದಿನದಲ್ಲಿ ತಲುಪುತ್ತದೆ, ಹಳೆಯದನ್ನು ನೀವೇ ವಿಲೇವಾರಿ ಮಾಡಿ ಎಂದ. ಗಂಟೆ ಹನ್ನೊಂದಾಗಿತ್ತು.

ಖುರ್ಷಿದ್ ಸ್ಟಿಕರ್ ಹರಿದು ಸ್ಟೌವಿನ ಉರಿ ಏರಿಸಿದರು.

ಮೇಲಿನ ಚಿಪ್ಪು ಅವರ ಮಾತು ಕೇಳಿತು, ಅರ್ಧ ಗಂಟೆಯಲ್ಲಿ ಬಾಯಿಬಿಟ್ಟಿತು. ಒಳಗೆ ನೋಡಿದರೆ ಸರ್ಕ್ಯೂಟೇ ಕಾಣುತ್ತಿಲ್ಲ. ಇಡೀ ಬೋರ್ಡಿನ ಮೇಲೆ ಕಪ್ಪು ರಾಳ ಸುರಿದಿದ್ದರು, ಡಾಂಬರು ಗಟ್ಟಿಯಾದ ಹಾಗೆ. ಬಿಸಿ ತೋರಿಸಿದರು, ಬಗ್ಗಲಿಲ್ಲ. ಉಳಿ ತಗೊಂಡು ಕೆರೆದರು, ಪುಡಿ ಉದುರಿತೇ ಹೊರತು ದಾರಿ ಸಿಗಲಿಲ್ಲ. ಹೀಟರಿಗೆ ಕರೆಂಟು ಬಿಡುವ ಪುಟ್ಟ ಸ್ವಿಚ್ಚು ಸತ್ತಿರಬೇಕು ಅನ್ನುವುದು ಅವರಿಗೆ ಆಗಲೇ ಗೊತ್ತಾಗಿತ್ತು. ಅಂಥವು ಅವರ ಡಬ್ಬದಲ್ಲಿ ಮೂವತ್ತಿವೆ. ಹೊಸದಾಗಿ ತಂದರೂ ಒಂದು ಮಸಾಲೆ ದೋಸೆಯಷ್ಟು ಬೆಲೆಯಿಲ್ಲ. ಇನ್ನೂ ಆಳಕ್ಕೆ ಕೆರೆದಾಗ ಉಳಿ ಜಾರಿ, ಬೋರ್ಡು ನಡುವೆ ಬಿರಿಯಿತು.

ಅವರು ಉಳಿ ಕೆಳಗಿಟ್ಟರು.

"ಹುಳ ಕಟ್ಟಿದ್ದನ್ನ ಬಿಚ್ಬೋದಮ್ಮ. ಇದನ್ನ ಕಟ್ಟಿದೋನಿಗೇ ಬಿಚ್ಚಕ್ಕೆ ಬರಲ್ಲ."

"ಯಾಕಪ್ಪಾ ಹಂಗ್ ಮಾಡ್ತಾರೆ?"

"ನಾವು ಬಿಚ್ಬಾರ್ದು ಅಂತಾನೇ." ಖುರ್ಷಿದ್ ಚೂರನ್ನು ಬೆಳಕಿಗೆ ಹಿಡಿದರು. "ನೋಡಿ, ಇದ್ರೊಳಗೆ ತಾಮ್ರ ಐತೆ, ತವರ ಐತೆ, ಒಂದು ಗೆರೆ ಬಂಗಾರಾನೂ ಇರ್ಬೋದು. ಎಲ್ಲೋ ಒಂದು ಬೆಟ್ಟ ಒಡ್ದು, ಒಂದೂರಿನ ನೀರು ಕೆಡಿಸಿ ತೆಗ್ದಿರ್ತಾರೆ. ಇಲ್ಲಿ ಬೆಟ್ಟ ಒಡೆದ್ರೆ ನಿಮ್ಮ ಸೊಪ್ಪಿನ ಮೇಲೆ ಧೂಳು ಕೂರುತ್ತೆ, ನೀವು ಹೋಗಿ ಜಗಳ ಆಡ್ತೀರ. ಇದಕ್ಕೆ ಒಡೆದ ಬೆಟ್ಟ ನಮ್ ಕಣ್ಣಿಗೆ ಬೀಳಲ್ಲ. ಅಷ್ಟೆಲ್ಲ ಮಾಡಿ ಹದಿನಾಲ್ಕು ತಿಂಗಳು. ನಿಮ್ಮ ಹಿಪ್ಪುನೇರಳೆ ಗಿಡ ಎಷ್ಟು ವರ್ಷದ್ದು?"

"ನನ್ನ ಮದ್ವೆಗೆ ಮುಂಚೆ ನೆಟ್ಟಿದ್ದು."

"ಅದನ್ನ ಮಾಡಿದೋನು ಅಂಟು ಹಾಕಿಲ್ಲ."

"ಭಾಷಣ ಆಮೇಲೆ ಮಾಡು ಸಾಬ್ರೇ" ಎಂದರು ಶ್ಯಾಮಲಮ್ಮ, ಸಿಟ್ಟಿನಲ್ಲೂ ಅರ್ಧ ನಗುತ್ತಾ. "ನನ್ನ ಹುಳ ಅಲ್ಲಿ ನಡುಗ್ತಾವೆ."

ಖುರ್ಷಿದ್ ಅಟ್ಟದಿಂದ ಒಂದು ಹಳೇ ಥರ್ಮೋಸ್ಟಾಟ್ ಇಳಿಸಿದರು. ಕೋಳಿಮರಿ ಸಾಕುವವರ ಶೆಡ್ಡಿನಿಂದ ಬಂದಿದ್ದು, ತುಕ್ಕು ಹಿಡಿದಿತ್ತು. ಕೈಯಲ್ಲಿ ತಿರುಗಿಸುವ ಬಿರಡೆ, ಸುತ್ತಲೂ ಅಂಕಿಗಳು, ಹಿಂದೆ ನಾಲ್ಕು ಸ್ಕ್ರೂ. ಬಿಚ್ಚಿ, ಉಜ್ಜಿ, ಹಲಗೆಯ ಮೇಲೆ ಕೂರಿಸಿದರು. ಅಂಗಡಿ ಬಾಗಿಲೆಳೆದು ಶ್ಯಾಮಲಮ್ಮನನ್ನು ಸ್ಕೂಟರ್ ಹತ್ತಿಸಿಕೊಂಡು ಹೊರಟರು. ಒಡೆದ ಪೆಟ್ಟಿಗೆಯನ್ನೂ ಆಕೆ ಮಡಿಲಲ್ಲೇ ಇಟ್ಟುಕೊಂಡರು.

ಹಳ್ಳಿ ಮುಟ್ಟಿದಾಗ ಮೂರೂವರೆ. ಶ್ಯಾಮಲಮ್ಮನ ಗಂಡ ರಾಮಾಂಜಿನಪ್ಪ ಹುಳದ ಮನೆ ಬಾಗಿಲಿಗೆ ಗೋಣಿ, ಕಂಬಳಿ, ಮದುವೆಯ ಜಮಖಾನ ಎಲ್ಲಾ ಕಟ್ಟಿದ್ದರು.

"ಇದ್ದಿಲೊಲೆ ಇಡಣಾಂತಿದ್ದೆ" ಎಂದರು.

"ಹೊಗೆ ಕುಡ್ದು ಸಾಯ್ಲಿ ಅಂತಾನಾ?" ಎಂದರು ಶ್ಯಾಮಲಮ್ಮ.

ಖುರ್ಷಿದ್ ಹೀಟರಿನ ಆ ವಿಚಿತ್ರ ಪಿನ್ನನ್ನು ಕತ್ತರಿಸಿ ಎಸೆದು, ವೈರನ್ನು ನೇರ ಹಲಗೆಗೆ ಕೊಟ್ಟರು. ಬಿರಡೆ ಇಪ್ಪತ್ತೈದಕ್ಕೆ ತಿರುಗಿಸಿದಾಗ ಟಕ್ ಅಂದು ಹೀಟರ್ ಹತ್ತಿತು. ಆಗಲೇ ಇಡೀ ಹಗಲು ಕೈತಪ್ಪಿತ್ತು. ಬಾಗಿಲ ಪಕ್ಕದಲ್ಲಿ ಹುಳದ ತಟ್ಟೆ ಜೋಡಿಸಿದ್ದ ಎರಡು ಸ್ಟ್ಯಾಂಡಿನ ಹುಳ ಮುಟ್ಟಿದರೆ ತಣ್ಣಗಿದ್ದವು.

ಮಾರನೇ ದಿನ ಮಧ್ಯಾಹ್ನ ಖುರ್ಷಿದ್ ಮತ್ತೆ ಬಂದರು. ಒಳಗಿನ ಸ್ಟ್ಯಾಂಡುಗಳಲ್ಲಿ ಹುಳ ಪೊರೆ ಬಿಟ್ಟು, ಬೂದಿ ಬಣ್ಣದ ಮೂತಿ ಆಡಿಸುತ್ತಾ ಸೊಪ್ಪು ಹುಡುಕುತ್ತಿದ್ದವು. ಬಾಗಿಲ ಪಕ್ಕದ ಎರಡರಲ್ಲಿ ಹತ್ತಕ್ಕೆ ಮೂರು ಎದ್ದಿದ್ದವು. ಉಳಿದವು ಹಾಗೇ ಕೂತಿದ್ದವು, ಕೆಲವು ಆಗಲೇ ಕಪ್ಪಾಗಿದ್ದವು. ಶ್ಯಾಮಲಮ್ಮ ಒಂದನ್ನು ಬೆರಳಲ್ಲಿ ಮುಟ್ಟಿ, ಇಬ್ಬರಿಗೂ ಹೇಳಿದರು.

"ಇವೆರಡೂ ತೆಗ್ದುಬಿಡಿ. ಮಿಕ್ಕೋವಕ್ಕೆ ಅಂಟ್ಕಂಡ್ರೆ ಕಷ್ಟ."

ರಾಮಾಂಜಿನಪ್ಪ ತೋಟದಾಚೆ ಗುಂಡಿ ತೋಡಿದರು. ಹುಳ ಸುರಿದು, ಮೇಲೆ ಸುಣ್ಣ ಚೆಲ್ಲಿದರು. ಇಪ್ಪತ್ತೆರಡು ದಿನ ಸೊಪ್ಪು ಕೊಯ್ದು ಸಾಕಿದ್ದ ಹುಳ. ಆಮೇಲೆ ರಾಮಾಂಜಿನಪ್ಪ ಬಿಳಿ ಪೆಟ್ಟಿಗೆಯನ್ನೂ ತಂದು ಗುಂಡಿಗೆ ಎತ್ತಿಹಾಕಲು ಹೋದರು.

"ಅದನ್ನ ಹಾಕ್ಬೇಡ" ಎಂದರು ಶ್ಯಾಮಲಮ್ಮ. "ಹುಳ ಮಣ್ಣಾಗ್ತವೆ. ಅದು ಆಗಲ್ಲ. ಪಕ್ಕದಲ್ಲೇ ಗಿಡದ ಬೇರೈತೆ."

"ಹಂಗಾದ್ರೆ ಸುಡ್ತೀನಿ."

"ಹುಳದ ಮನೆ ಪಕ್ಕದಲ್ಲಿ ಪ್ಲಾಸ್ಟಿಕ್ ಹೊಗೆ ಎಬ್ಬಿಸ್ತೀಯಾ?"

"ಕೆರೆಗೆ ಹಾಕ್ಲಾ?"

ರಾಮಾಂಜಿನಪ್ಪ ಖುರ್ಷಿದ್ ಕಡೆ ತಿರುಗಿದರು. "ನೀನಾದ್ರೂ ಹೇಳು ಸಾಬ್ರೇ. ಮಾಡಿದೋರು ವಾಪಸ್ ತಗೊಳಲ್ಲ ಅಂತಾರೆ. ನಾನು ಎಲ್ಲಿಗ್ ಹಾಕ್ಲಿ?"

ನಲವತ್ತು ವರ್ಷ ರಿಪೇರಿ ಮಾಡಿದ ಮನುಷ್ಯ ಖುರ್ಷಿದ್. "ನಂಗೂ ಗೊತ್ತಿಲ್ಲಪ್ಪ" ಎಂದರು.

ರಾಮಾಂಜಿನಪ್ಪ ಪೆಟ್ಟಿಗೆಯನ್ನು ಗುಂಡಿಯ ಪಕ್ಕದ ಕಲ್ಲಿನ ಮೇಲಿಟ್ಟು ಮಣ್ಣು ಎಳೆಯತೊಡಗಿದರು. ಶ್ಯಾಮಲಮ್ಮ ಕುಡುಗೋಲು ತಗೊಂಡು ತೋಟದೊಳಗೆ ಹೋದರು. ಎದ್ದ ಹುಳಗಳಿಗೆ ಹಸಿವಾಗಿತ್ತು.