ದೊರಸಾನಿಯ ಮನೆಯೂ ನನ್ನ ಸಹಿಯೂ

ಹೊರದೇಶಕ್ಕೆ ಹೋಗಿ ನೆಲೆಸುವುದೆಂದರೆ ನಮ್ಮ ಜನಕ್ಕೆ ಒಂದೇ ದಿಕ್ಕು ಗೊತ್ತು, ಇಲ್ಲಿಂದ ಅಲ್ಲಿಗೆ. ಅಲ್ಲಿಂದ ಇಲ್ಲಿಗೆ ಬಂದು ನೆಲೆ ನಿಲ್ಲಲು ಒದ್ದಾಡಿದ ಒಬ್ಬಳನ್ನು ನಾನು ತೀರಾ ಹತ್ತಿರದಿಂದ ನೋಡಿದ್ದೇನೆ. ನೋಡಿದ್ದೇನೆ ಅಂತಷ್ಟೇ ಬರೆದು ಮುಗಿಸಬಹುದಿತ್ತು. ಆದರೆ ಆಕೆಯನ್ನು ಇಲ್ಲಿಂದ ಎಬ್ಬಿಸಿ ಕಳಿಸಿದವರಲ್ಲಿ ನಾನೂ ಒಬ್ಬಳು. ಅದನ್ನು ಬರೆಯದಿದ್ದರೆ ಕಾಗದ ದಂಡ.

ನನ್ನ ತವರು ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿರುವ ಊರು. ಕಾಲುವೆ ನೀರು, ಬಾಳೆ ತೋಟ. ಅಪ್ಪ ಹಂಪಿ ಬಜಾರಿನ ಅಂಗಡಿಗಳಿಗೆ ಬಾಳೆಹಣ್ಣು ಹಾಕುತ್ತಿದ್ದರು. ಬಜಾರಿನ ಮಂಟಪಗಳಲ್ಲಿ ಸಂಸಾರ ಹೂಡಿದ್ದವರನ್ನೆಲ್ಲ ಸರ್ಕಾರ ಎಬ್ಬಿಸಿದ ಕಾಲದಲ್ಲಿ, ಅಲ್ಲೊಂದು ಕೋಣೆಯಲ್ಲಿ ಬಾಡಿಗೆಗಿದ್ದ ಇಂಗ್ಲೆಂಡಿನ ಹೆಂಗಸೊಬ್ಬಳು ತನ್ನ ಚೀಲದ ಮೇಲೆ ಕೂತು ಅಳುತ್ತಿದ್ದಳಂತೆ. ಅಪ್ಪ ಖಾಲಿ ಬುಟ್ಟಿಗಳ ಜೊತೆ ಆಕೆಯನ್ನೂ ಟಂಟಂ ಆಟೋದಲ್ಲಿ ಕೂರಿಸಿಕೊಂಡು ಮನೆಗೆ ಬಂದರು. ಅವ್ವ ಬಾಗಿಲಲ್ಲೇ ತಡೆದು ನಿಂತಳು.

"ಹಣ್ಣು ಮಾರಿ ಬರ್ರಿ ಅಂದ್ರ ಇದೇನು ತಂದ್ರಿ?"

"ಒಂದ್ನಾಕು ದಿನ ಇರ್ತಾರ. ಚಾ ಇಡು ಮೊದ್ಲು," ಎಂದರು ಅಪ್ಪ. ಆ ನಾಲ್ಕು ದಿನ ಹನ್ನೊಂದು ವರ್ಷವಾಯಿತು.

ಆಕೆಗೆ ಆಗಲೇ ಅರವತ್ತು ದಾಟಿತ್ತು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಊರಿನವರು ದೊರಸಾನಿ ಎಂದು ಕರೆದರು. ಬಿಳಿ ತೊಗಲು ಕಂಡರೆ ನಮ್ಮವರ ಬಾಯಿಗೆ ಇನ್ನೂ ಅದೇ ಮಾತು ಬರುವುದು. ಈ ದೊರಸಾನಿ ತನ್ನ ದೇಶದಲ್ಲಿ ಮಾಡುತ್ತಿದ್ದ ಕೆಲಸವೆಂದರೆ ಒಂದು ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಊಟ ಬಡಿಸಿ ಪಾತ್ರೆ ತೊಳೆಯುವುದು. ಅವ್ವ ಇದನ್ನು ಎಷ್ಟು ಸಾರಿ ಹೇಳಿದರೂ ಓಣಿಯಲ್ಲಿ ಒಬ್ಬರೂ ನಂಬಲಿಲ್ಲ. ತರಕಾರಿಯವಳು ಕೊನೆಯವರೆಗೂ ನಮಗೊಂದು ರೇಟು, ಆಕೆಗೊಂದು ರೇಟು ಹೇಳುತ್ತಿದ್ದಳು.

ಅಲ್ಲಿಯ ಚಳಿಗಾಲದಲ್ಲಿ, ಕೈಗೆ ಬರುವ ಪೆನ್ಶನ್ನಿನಲ್ಲಿ ಮನೆ ಬೆಚ್ಚಗಿಟ್ಟುಕೊಳ್ಳಬೇಕೋ ಹೊಟ್ಟೆ ತುಂಬ ಉಣ್ಣಬೇಕೋ ಎಂದು ಯೋಚಿಸಬೇಕಿತ್ತಂತೆ. ಇಲ್ಲಿ ಬಿಸಿಲು ಪುಕ್ಕಟೆ. ಆದರೆ ದೇಶ ಬಿಟ್ಟು ಇಂಡಿಯಾಕ್ಕೆ ಬಂದವರ ಪೆನ್ಶನ್ನನ್ನು ಅಲ್ಲಿನ ಸರ್ಕಾರ ಇದ್ದಲ್ಲೇ ನಿಲ್ಲಿಸಿಬಿಡುತ್ತದೆ. ಅಲ್ಲೇ ಉಳಿದವರಿಗೆ ವರ್ಷ ವರ್ಷ ಏರುತ್ತದೆ. ಬಂದವರಿಗೆ ಬಂದ ದಿನ ಎಷ್ಟಿತ್ತೋ ಅಷ್ಟೇ, ಸಾಯುವ ತನಕ. ಅದು ನಮ್ಮ ಅಕ್ಕಿಗೂ ಸಿಲಿಂಡರಿಗೂ ಗೊತ್ತಿಲ್ಲವಲ್ಲ, ಅವು ಏರುತ್ತಲೇ ಹೋದವು. ಮೊದಲು ಆಕೆ ಕಾಫಿ ಬಿಟ್ಟಳು, ಆಮೇಲೆ ಬೆಣ್ಣೆ ಬಿಟ್ಟಳು. ವಯಸ್ಸಾಯಿತೆಂದು ಇನ್ಶೂರೆನ್ಸಿನವರು ಆಕೆಯನ್ನು ಬಿಟ್ಟರು.

ಅವ್ವ ಆಕೆಗೆ ಮಾತು ಕಲಿಸಿದಳು, ರೊಟ್ಟಿ ಬಡಿಯುವುದು ಕಲಿಸಿದಳು. ಹಾಗಾಗಿ ಆಕೆಯ ಕನ್ನಡವೆಲ್ಲ ಅವ್ವನ ಕನ್ನಡ. ಅಪ್ಪ "ತಂಗಿ" ಎಂದರು, ಆಕೆ "ಅಣ್ಣಾ" ಎಂದಳು. ಆ ಲೆಕ್ಕದಲ್ಲಿ ನನಗೂ ತಮ್ಮನಿಗೂ ಆಕೆ ಅತ್ತಿಯಾದಳು. ನಾನು ಅಷ್ಟೊತ್ತಿಗೆ ಕಂಪ್ಲಿಗೆ ಮದುವೆಯಾಗಿ ಹೋಗಿ ವರ್ಷಗಳಾಗಿದ್ದವು. ಗಂಡನ ಮನೆಯವರದು ಅಕ್ಕಿ ಗಿರಣಿ. ತವರಿಗೆ ಹೋದಾಗಲೆಲ್ಲ ಅವ್ವನ ಪಕ್ಕ ಇನ್ನೊಂದು ಬಿಳಿಯ ಅವ್ವ ಕಾಯಿಪಲ್ಯ ಹೆಚ್ಚುತ್ತಾ ಕೂತಿರುತ್ತಿದ್ದಳು, ಇಬ್ಬರೂ ಸೇರಿ ನಾನು ದಪ್ಪಗಾದೆನೆಂದು ನಗುತ್ತಿದ್ದರು.

ಎರಡು ವರ್ಷವಾದ ಮೇಲೆ ಆಕೆ ಇಂಗ್ಲೆಂಡಿನಲ್ಲಿದ್ದ ಪುಟ್ಟ ಫ್ಲಾಟನ್ನು ಮಾರಿ, ಆ ದುಡ್ಡಿನಿಂದ ನಮ್ಮ ಹಿತ್ತಿಲಲ್ಲಿ ಮನೆ ಕಟ್ಟಿಸಿದಳು. ಎರಡು ಕೋಣೆ, ಮುಂದೊಂದು ಕಟ್ಟೆ, ದಪ್ಪ ಕಲ್ಲಿನ ಗೋಡೆ. ಆಕೆಯದು ಪ್ರವಾಸಿ ವೀಸಾ. ಇಲ್ಲಿ ಒಂದು ಗೇಣು ನೆಲವೂ ಆಕೆಯ ಹೆಸರಿಗಾಗುವುದಿಲ್ಲ. ಹೊಸಪೇಟೆಯ ವಕೀಲರು, ಬೇರೆ ಕಾಗದ ಬರೆಸಿದರೆ ಅದೇ ತೊಂದರೆಗೆ ದಾರಿ, ಬರೆಸಲೇಬೇಡಿ ಎಂದರು. ಆದರೂ ಆಕೆಗೆ ಒಂದು ಚೀಟಿಯಾದರೂ ಬೇಕಿತ್ತು. ಅಪ್ಪನ ಮುಖ ಕೆಂಪಾಯಿತು.

"ನನ್ನ ಮಾತೇ ಕಾಗದ, ತಂಗಿ. ನೀ ಇರೂತನಕ ಇದು ನಿನ್ನ ಮನಿ. ಯಾರು ಎಬ್ಬಸ್ತಾರ ನಿನ್ನ?"

ಆಕೆ ಮತ್ತೆ ಕೇಳಲಿಲ್ಲ. ಕೊನೆಗೆ ಆಕೆಯ ಹೆಸರಿದ್ದ ಕಾಗದವೆಂದರೆ ಹನ್ನೊಂದು ತಿಂಗಳ ಬಾಡಿಗೆ ಕರಾರು ಒಂದೇ, ಅದೂ ವಿಳಾಸಕ್ಕೆ ಬೇಕೆಂದು ವರ್ಷ ವರ್ಷ ಹೊಸದು ಮಾಡಿಸುತ್ತಿದ್ದದ್ದು. ಕರೆಂಟ್ ಮೀಟರು ಅಪ್ಪನ ಹೆಸರಿನಲ್ಲಿ, ಸಿಲಿಂಡರು ತಮ್ಮನ ಹೆಸರಿನಲ್ಲಿ, ಮೊಬೈಲಿನ ಸಿಮ್ಮು ನನ್ನ ಹೆಸರಿನಲ್ಲಿ. ಎಲ್ಲ ಅಂಗಡಿಗೂ ಫೋನಿನಲ್ಲಿ ದುಡ್ಡು ಕಳಿಸುವ ಕಾಲ ಬಂದಾಗ ಆಕೆ ನೋಟು ತಂದು ತಮ್ಮನ ಕೈಗಿಡುತ್ತಿದ್ದಳು, ಅವನು ಸ್ಕ್ಯಾನ್ ಮಾಡುತ್ತಿದ್ದ. ಆರು ತಿಂಗಳಿಗೊಮ್ಮೆ ದೇಶದಿಂದ ಹೊರಗೆ ಕಾಲಿಟ್ಟು ಬರಬೇಕು. ನೇಪಾಳಕ್ಕೋ ಶ್ರೀಲಂಕಾಕ್ಕೋ ಹೋಗಿ, ಅಗ್ಗದ ಲಾಡ್ಜಿನಲ್ಲಿ ದಿನ ಕಳೆದು, ಸೊರಗಿ ಬರುತ್ತಿದ್ದಳು. ಬಂದ ದಿನವೇ ಅಪ್ಪ, ಮನೆಯಲ್ಲಿ ವಿದೇಶಿಯರಿದ್ದಾರೆಂದು ಪೊಲೀಸರಿಗೆ ತಿಳಿಸುವ ಫಾರಂ ತುಂಬುತ್ತಿದ್ದರು. ಸಂಬಂಧ ಎಂಬಲ್ಲಿ ಮನೆ ಮಾಲೀಕ ಎಂದು ಬರೆಯಲು ಅವರಿಗೆ ಪ್ರತಿ ಸಲವೂ ಬೇಜಾರು.

ಅವ್ವ ಮೊದಲು ಹೋದಳು. ನಾಲ್ಕು ವರ್ಷಕ್ಕೆ ಅಪ್ಪ. ಹೊಸಪೇಟೆಯ ಆಸ್ಪತ್ರೆಯಲ್ಲಿ ಅಪ್ಪ ಮಲಗಿದ್ದ ಹದಿನೈದು ದಿನವೂ ಹಗಲು ಹೊತ್ತು ಮಂಚದ ಪಕ್ಕ ಕೂತು ಗಂಜಿ ಕುಡಿಸಿದವಳು ದೊರಸಾನಿಯೇ. ನನಗೆ ಕಂಪ್ಲಿಯಲ್ಲಿ ಬಾಣಂತಿ ಮಗಳಿದ್ದಳು. ತಮ್ಮನಿಗೆ ತೋಟಕ್ಕೆ ನೀರು ಬಿಡುವ ಪಾಳಿ.

ಅಪ್ಪನ ವರ್ಷದ ತಿಥಿ ಮುಗಿದಿರಲಿಲ್ಲ, ಸಂಡೂರಿನ ಪಾರ್ಟಿಯೊಂದು ಬಂತು. ಗಣಿಯಲ್ಲಿ ದುಡ್ಡು ಮಾಡಿದವರು, ಹಂಪಿ ದಾರಿಯಲ್ಲಿ ರೆಸಾರ್ಟಿಗೆ ಜಾಗ ಹುಡುಕುತ್ತಿದ್ದರು. ತೋಟ, ಹಿತ್ತಿಲು ಎರಡೂ ಸೇರಿದರೇ ವ್ಯಾಪಾರ ಎಂದರಂತೆ. ತಮ್ಮ ಒಪ್ಪಿಬಿಟ್ಟ. ಆದರೆ ಪಾರ್ಟಿಯ ವಕೀಲರು ಒಂದು ಕೊಕ್ಕೆ ಹಾಕಿದರು: ಅಕ್ಕನ ಹಕ್ಕು ಬಿಡುಗಡೆ ಪತ್ರ ಬೇಕು. ಹೆಣ್ಣುಮಗಳು ತನ್ನ ಪಾಲು ಬೇಡವೆಂದು ಸಹಿ ಮಾಡಿ ಕೊಡುವ ಕಾಗದ ಅದು. ನಮ್ಮ ಕಡೆ ಅದಕ್ಕೆ ಬದಲಾಗಿ ಒಂದು ಸೀರೆ ಕೊಡುತ್ತಾರೆ, ಮಡಿಲು ತುಂಬುತ್ತಾರೆ, ಹೆಣ್ಣುಮಕ್ಕಳು ಸಹಿ ಮಾಡುತ್ತಾರೆ. ಯಾಕೆ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಇದು ದೊರಸಾನಿಗೂ ತಿಳಿಯಿತು. ಒಂದು ಮಧ್ಯಾಹ್ನ ಆಕೆ ಬಸ್ಸು ಹಿಡಿದು ಕಂಪ್ಲಿಗೆ ಬಂದಳು. ಎಪ್ಪತ್ತು ದಾಟಿದ ಹೆಂಗಸು, ಬಿಸಿಲಿಗೆ ಮುಖ ಟೊಮೆಟೊ ಆಗಿತ್ತು. ನೀರು ಕುಡಿದಳು, ನೇರವಾಗಿ ವಿಷಯಕ್ಕೆ ಬಂದಳು.

"ನಿಂಗೂ ಪಾಲು ಐತಿ. ವಕೀಲ್ರನ್ನ ಕೇಳೀನಿ. ನಿನ್ನ ಸಹಿ ಇಲ್ದ ಮಾರಾಕ ಬರಂಗಿಲ್ಲ. ತೋಟ ಬ್ಯಾಡ ಅನ್ನು. ಹಿತ್ತಿಲಷ್ಟ ನಿನ್ನ ಪಾಲಿಗೆ ಕೇಳು. ನಾ ಸತ್ತ ಮ್ಯಾಲ ಮನಿ ನಿಂದ."

"ಕೇಳ್ತೀನ್ರಿ ಅತ್ತಿ. ನಾ ಸಹಿ ಮಾಡಂಗಿಲ್ಲ."

ಆಕೆಯ ಕೈ ಹಿಡಿದು ಹೇಳಿದೆ. ನಾಟಕವಲ್ಲ, ಆ ಹೊತ್ತಿಗೆ ನಾನು ಹೇಳಿದ್ದು ಮನಸಾರೆ. ಆಕೆ ಚಾಪೆಯ ಮೇಲೆ ಹಾಗೇ ಒರಗಿ ಒಂದು ಗಂಟೆ ನಿದ್ದೆ ಮಾಡಿದಳು. ಎಷ್ಟು ದಿನ ನಿದ್ದೆಗೆಟ್ಟಿದ್ದಳೋ. ನನ್ನ ಗಂಡ ಎಲ್ಲ ಕೇಳಿಸಿಕೊಂಡು, "ನಿಮ್ಮ ತವರಿನ ಮಾತು ನಂಗ್ಯಾಕ," ಎಂದು ಗಿರಣಿಗೆ ಹೋದರು.

ಮುಂದಿನ ವಾರ ತಮ್ಮ ಹೆಂಡತಿಯ ಸಮೇತ ಬಂದ. ತಟ್ಟೆಯಲ್ಲಿ ಸೀರೆ, ಕುಪ್ಪಸದ ಖಣ, ತೆಂಗಿನಕಾಯಿ, ನಮ್ಮದೇ ತೋಟದ ಬಾಳೆಹಣ್ಣು. ನಾನು ತಟ್ಟೆ ಮುಟ್ಟಲಿಲ್ಲ.

"ಅತ್ತಿ ಎಲ್ಲಿಗೆ ಹೋಗ್ಬೇಕು?" ಎಂದೆ.

"ಅವ್ರ ದೇಶ ಅವ್ರಿಗೈತಿ. ನಮಗ ಇನ್ನೊಂದು ದೇಶ ಎಲ್ಲೈತಿ, ಅಕ್ಕಾ?"

"ಅಪ್ಪ ಮಾತು ಕೊಟ್ಟಿದ್ರು. ಆ ಮನಿಗೆ ಹಾಕಿದ್ದು ಆಕೀ ದುಡ್ಡು."

"ಅಪ್ಪ ಕೊಟ್ಟಾರ, ಅಪ್ಪ ಹೋದ್ರು. ನೋಡಕ್ಕಾ, ಜಗಳ ಬ್ಯಾಡ. ಪಾಲು ತಗೋತೀಯಾ, ತಗೊ. ಕಾಯ್ದೆ ಐತಿ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಪಂಚಮಿಗೆ ಕರಿಯಾಕ ಬರೂದು ಅಕ್ಕನ್ನ. ಪಾಲುದಾರ್ತಿನ್ನ ಯಾರರ ಕರೀತಾರೇನು?"

ದನಿ ಏರಿಸದೆ, ಚಹಾ ಕುಡಿಯುತ್ತಾ ಹೇಳಿದ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ನಾಗರ ಪಂಚಮಿ ಎಂದರೆ ಏನೆಂದು ಬೇರೆಯವರಿಗೆ ಹೇಗೆ ಹೇಳಲಿ. ಅಣ್ಣನೋ ತಮ್ಮನೋ ಬಂದು ಕರೆಯಬೇಕು, ಉಂಡಿ ತಿನ್ನಬೇಕು, ಜೋಕಾಲಿ ಆಡಬೇಕು, ತವರಿನ ಅಂಗಳದಲ್ಲಿ ಎರಡು ದಿನ ಮೈ ಚಾಚಬೇಕು. ಯಾರೂ ಕರೆಯಲು ಬಾರದ ಹೆಂಗಸನ್ನು ಓಣಿಯವರು ನೋಡುವ ನೋಟವನ್ನು ನಾನು ಬಲ್ಲೆ. ನಾನೇ ಹಾಗೆ ನೋಡಿದ್ದೇನೆ. ಐವತ್ತೈದು ದಾಟಿದ ಅಜ್ಜಿ ನಾನು, ಜೋಕಾಲಿ ಆಡುವ ವಯಸ್ಸೇನಲ್ಲ. ಅವ್ವನಿಲ್ಲ, ಅಪ್ಪನಿಲ್ಲ, ಆ ತವರಿನಲ್ಲಿ ನನಗೆ ಉಳಿದಿದ್ದು ವರ್ಷಕ್ಕೊಮ್ಮೆಯ ಆ ಕರೆಯೊಂದೇ. ಅದೂ ಹೋಗುತ್ತದೆಂದು ಹೆದರಿದೆ. ಇದಕ್ಕಿಂತ ದೊಡ್ಡ ಕಾರಣ ನನ್ನ ಬಳಿ ಇಲ್ಲ, ಇದ್ದಿದ್ದರೆ ಬರೆಯುತ್ತಿದ್ದೆ. ತಟ್ಟೆ ತೆಗೆದುಕೊಂಡೆ.

ಹೊಸಪೇಟೆಯ ನೋಂದಣಿ ಕಚೇರಿಗೆ ಆ ಸೀರೆಯನ್ನೇ ಉಟ್ಟುಕೊಂಡು ಹೋದೆ. ಕಾಗದದಲ್ಲಿ, ಅರಿಶಿನ ಕುಂಕುಮದ ಬಾಬ್ತು ಸೀರೆ ಪಡೆದು, ಯಾರ ಒತ್ತಾಯವೂ ಇಲ್ಲದೆ, ಪ್ರೀತಿ ವಿಶ್ವಾಸದಿಂದ ಹಕ್ಕು ಬಿಟ್ಟಿರುತ್ತೇನೆ ಎಂದು ಬರೆದಿತ್ತು.

"ಸ್ವಂತ ಖುಷಿಯಿಂದ ಬಿಡಾಕತ್ತೀರೇನ್ರಿ?" ಎಂದು ಅಲ್ಲಿಯವರು ಕೇಳಿದರು.

"ಹೌದ್ರಿ."

"ಹೆಬ್ಬೆಟ್ಟು ಇಡ್ರಿ. ಕ್ಯಾಮೆರಾ ಕಡೆ ನೋಡ್ರಿ."

ನೋಡಿದೆ. ಸಹಿ ಹಾಕಿದೆ. ಹೊರಗೆ ಬಂದ ಮೇಲೆ ತಮ್ಮ ಹೋಟೆಲಿನಲ್ಲಿ ದೋಸೆ ಕೊಡಿಸಿದ, ತಿಂದೆ.

ದೊರಸಾನಿಗೆ ಬಾಡಿಗೆ ಕರಾರು ಮುಗಿಯುವವರೆಗೆ ಸಮಯ ಕೊಟ್ಟರು. ಕೊನೆಯ ವಾರ ನಾನು ಸಾಮಾನು ಕಟ್ಟಲು ನೆರವಾಗುತ್ತೇನೆಂದು ಹೋದೆ. ಆಕೆ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಪಾತ್ರೆಗಳನ್ನು ಒರೆಸಿ ಒರೆಸಿ ಒಂದು ಕಡೆ ಇಡುತ್ತಿದ್ದಳು. ತಲೆ ಎತ್ತದೆ ಕೇಳಿದಳು.

"ಸಹಿ ಮಾಡಿದ್ಯಾ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಬೈಯುತ್ತಿದ್ದಳೇನೋ, ಅಳುತ್ತಿದ್ದಳೇನೋ. ಆಕೆಯ ಕಣ್ಣಲ್ಲಿ ಸಣ್ಣವಳಾಗಲು ನನಗೆ ಧೈರ್ಯ ಸಾಲಲಿಲ್ಲ.

"ಇಲ್ರಿ ಅತ್ತಿ. ಅಪ್ಪ ಎಲ್ಲಾನೂ ತಮ್ಮನ ಹೆಸರಿಗೆ ಬರದಿಟ್ಟಿದ್ರಂತ. ನನ್ನ ಸಹಿ ಬೇಕಾಗಲೇ ಇಲ್ಲ. ನಾ ಮಾಡಂಗಿಲ್ಲ ಅಂದದ್ದಕ್ಕ ತಮ್ಮ ನನ್ನ ಕೂಡ ಮಾತೂ ಬಿಟ್ಟಾನ."

ಆಕೆ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು.

"ಅಣ್ಣ ಬರದ್ನಾ? ಯಾವಾಗ?"

"ಆಸ್ಪತ್ರ್ಯಾಗಿದ್ದಾಗ ಅಂತ್ರಿ."

"ಆಸ್ಪತ್ರ್ಯಾಗ ನಾ ಇದ್ನಲ್ಲ," ಎಂದಳು. "ದಿನಾ ನಾನ ಗಂಜಿ ಕುಡಸ್ತಿದ್ದೆ. ನನ್ನ ಮುಖ ನೋಡ್ಕೋತ ಕುಡೀತಿದ್ದ."

ಅಷ್ಟು ಹೇಳಿ ಎದ್ದು ಹೋದಳು. ಮುಂದಿನ ಕೋಣೆಯ ಗೋಡೆಯಲ್ಲಿ ಅಪ್ಪನ ಫೋಟೋ ಇತ್ತು. ಅದನ್ನು ತೆಗೆದು, ಸೆರಗಿಲ್ಲದ ಹೆಂಗಸು, ತನ್ನ ಅಂಗಿಯ ತುದಿಯಿಂದಲೇ ಗಾಜು ಒರೆಸಿ, ನನ್ನ ಕೈಗೆ ಕೊಟ್ಟಳು. "ಇದನ್ನ ನೀ ಒಯ್ಯಿ. ನಂಗ ಬ್ಯಾಡ." ತಮ್ಮ ಕೊಡಲು ಬಂದ ಟಿಕೆಟ್ ದುಡ್ಡನ್ನೂ ಮುಟ್ಟಲಿಲ್ಲ.

ಸತ್ತ ಅಪ್ಪನನ್ನು ನಾನು ಎರಡನೆಯ ಸಲ ಕೊಂದೆ. ಕೊಟ್ಟ ಮಾತಿಗೆ ಒಂದು ದಿನವೂ ತಪ್ಪದವರು ಅವರು. ಆ ಫೋಟೋ ಈಗ ನಮ್ಮ ಮನೆಯಲ್ಲಿದೆ, ನಾನು ಅದರ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಇಂಗ್ಲೆಂಡಿಗೆ ಹೋದ ಮೇಲೆ ಆಕೆ ಆಗಾಗ ಫೋನ್ ಮಾಡುತ್ತಿದ್ದಳು. ಮಾರಿದ ಫ್ಲಾಟಿನ ದುಡ್ಡಿಗೆ ಈಗ ಅಲ್ಲಿ ಕಾರು ನಿಲ್ಲಿಸುವ ಜಾಗವೂ ಸಿಗುವುದಿಲ್ಲವಂತೆ. ಆ ದುಡ್ಡಾದರೂ ಎಲ್ಲಿದೆ, ನಮ್ಮ ಹಿತ್ತಿಲಿನ ಗೋಡೆಯಲ್ಲಿತ್ತು. ಸರ್ಕಾರದ ಮನೆ ಕೇಳಲು ಹೋದರೆ, ಇಷ್ಟು ವರ್ಷ ನೀವು ಇಲ್ಲಿರಲಿಲ್ಲ, ಇಲ್ಲಿಯೇ ನೆಲೆಸಿದವರೆಂದು ಮೊದಲು ತೋರಿಸಿ ಎಂದರಂತೆ. ಹುಟ್ಟಿದ ದೇಶದಲ್ಲಿ ಆ ಮಾತು. ಮೊದಲು ಹಳೆಯ ಗೆಳತಿಯ ಮನೆಯ ಸೋಫಾದ ಮೇಲೆ, ಆಮೇಲೆ ಒಂಟಿ ಮುದುಕರಿಗೆಂದು ಇರುವ ಒಂದು ಹಾಸ್ಟೆಲಿನ ಕೋಣೆಯಲ್ಲಿ. ಮಂಚದಿಂದ ಕೈ ಚಾಚಿದರೆ ಒಲೆ ಸಿಗುತ್ತದೆ ಎಂದಳು. ಪೆನ್ಶನ್ ಮಾತ್ರ ಏರಿದೆಯಂತೆ. ಅದನ್ನು ಹೇಳಿ ನಕ್ಕಳು, ಆಮೇಲೆ ತುಂಬಾ ಹೊತ್ತು ಕೆಮ್ಮಿದಳು.

ಹೋದ ಪಂಚಮಿಗೆ ತಮ್ಮ ಮಾತಿಗೆ ತಪ್ಪದೆ ಕಂಪ್ಲಿಗೆ ಬಂದು ನನ್ನನ್ನು ಕರೆದುಕೊಂಡು ಹೋದ, ಹೊಸ ಕಾರಿನಲ್ಲಿ. ಹಿತ್ತಿಲ ಕಡೆ ತಗಡಿನ ಗೋಡೆ ಎದ್ದಿತ್ತು. ಆಚೆ ಏನಿದೆಯೆಂದು ನಾನು ಇಣುಕಲಿಲ್ಲ. ತಮ್ಮನ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದಾಗ ದೊರಸಾನಿಯ ಫೋನ್ ಬಂತು.

"ಇವತ್ತು ಪಂಚಮಿ ಅಲ್ಲೇನು? ಕಂಪ್ಲ್ಯಾಗ ಒಬ್ಬಾಕೀನ ಕುಂತಿರ್ತಿ ಅಂತ ಫೋನ್ ಮಾಡ್ದೆ."

ನಾನು ಹೂಂ ಎಂದೆ.

"ನನ್ನ ಸಲುವಾಗಿ ನಿನ್ನ ತವರು ಹೋತು. ದಿನಾ ನೆನಸ್ತೀನಿ ಅದನ್ನ. ಅಷ್ಟು ಮಂದ್ಯಾಗ ನೀ ಒಬ್ಬಾಕಿ ಮಾತು ಉಳಿಸ್ಕೊಂಡಿ." ಉಸಿರು ತೆಗೆದುಕೊಳ್ಳಲು ನಿಂತಳು. "ಮತ್ತ, ಅಣ್ಣನ ಮ್ಯಾಲಿನ ಸಿಟ್ಟು ಬಿಟ್ಟೀನಿ. ಸಾಯೂ ಮನಿಷಾ, ಮಗ ಹೇಳಿದ್ಕ ಸಹಿ ಮಾಡಿರ್ಬೇಕು. ಅವನ್ನ ಮಾಫ್ ಮಾಡೀನಿ ಅಂತ ನಿಂಗ ಹೇಳಬೇಕಿತ್ತು."

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಒಳಗಿಂದ ತಮ್ಮನ ಹೆಂಡತಿ, "ಅಕ್ಕಾರ, ಎಲಿ ಹಾಕೀನಿ, ಬರ್ರಿ ಊಟಕ್ಕ," ಎಂದು ಕೂಗಿದಳು. ಆ ದನಿ ಆಕೆಗೆ ಕೇಳಿಸದಿರಲೆಂದು ನಾನು ಫೋನನ್ನು ಎರಡೂ ಕೈಯಿಂದ ಮುಚ್ಚಿ ಹಿಡಿದೆ.