ನಿಂಬೆಹಣ್ಣಿನ ಪೂಜೆ ಕಂಡ ರಿವಾಲ್ವರ್

ಅಮೆರಿಕದ ಕ್ಯಾಂಟನ್ ಊರಿನ ಚಂದ್ರಮೌಳಿ ಜೀವನದಲ್ಲಿ ಅಸಲಿ ವಸ್ತು ಕೊಂಡದ್ದು ಒಂದೇ ಸಲ, ಅದು ಹೆಂಡತಿ ರೇಣುವಿನ ತಾಳಿ. ಅದನ್ನೂ ಮಾವನವರು ಅಂಗಡಿಯಲ್ಲಿ ಪಕ್ಕದಲ್ಲೇ ನಿಂತಿದ್ದರಿಂದ ಕೊಂಡೆ ಎಂದು ಅವನೇ ಹೇಳಿಕೊಂಡು ನಗುತ್ತಿದ್ದ. ಉಳಿದದ್ದೆಲ್ಲ 'ಅದೇ ಥರದ್ದು, ಅರ್ಧ ರೇಟು': ಶೂ, ಸೂಟ್‌ಕೇಸ್, ಟಿ.ವಿ., ಹುಲ್ಲು ಕತ್ತರಿಸುವ ಯಂತ್ರ. ತಮಾಷೆಯೆಂದರೆ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಅವನು ಕ್ವಾಲಿಟಿ ಇನ್‌ಸ್ಪೆಕ್ಟರ್. ಬೋಲ್ಟುಗಳ ಕಪ್ಪು ಲೇಪದಲ್ಲಿ ಸಾಸಿವೆ ಕಾಳಿನಷ್ಟು ತುಕ್ಕು ಕಂಡರೂ ಇಡೀ ಪೆಟ್ಟಿಗೆಯನ್ನು ವಾಪಸು ಕಳಿಸುತ್ತಿದ್ದ. ಮನೆಗೆ ಬಂದು ಹಿಡಿ ಕಿತ್ತುಹೋದ ಕುಕ್ಕರಿನಲ್ಲಿ ಬೆಂದ ಅನ್ನ ಉಣ್ಣುತ್ತಿದ್ದ.

ಇಂಥವನು ರಿವಾಲ್ವರ್ ಕೊಳ್ಳಲು ಹೊರಟದ್ದಕ್ಕೆ ಕಾರಣ ಒಂದು 'ಥ್ಯಾಂಕ್ಯೂ'.

ಎರಡು ಸಾವಿರದ ಎರಡರ ಮಾರ್ಚ್, ಭಾನುವಾರ ಬೆಳಿಗ್ಗೆ. ಹದಿಮೂರು ವರ್ಷದ ಮಗಳು ದಿಯಾ ಹಿಂದಿನ ಸೀಟಿನಲ್ಲಿದ್ದಳು. ಅವನು ಗ್ಯಾಸ್ ಸ್ಟೇಷನ್ನಿನಲ್ಲಿ ಇಳಿದು ಕಾರಿಗೆ ಪೆಟ್ರೋಲು ಹಾಕುತ್ತಿದ್ದಾಗ ಒಬ್ಬ ತರುಣ ಬಂದು ಪಿಸ್ತೂಲು ತೋರಿಸಿ ಪರ್ಸ್ ಕೇಳಿದ. ಚಂದ್ರಮೌಳಿ ಕೊಟ್ಟ. ಕೊಟ್ಟು, "ಸರ್, ಡ್ರೈವಿಂಗ್ ಲೈಸೆನ್ಸ್ ಒಂದು ವಾಪಸು ಕೊಡ್ತೀರಾ?" ಎಂದು ಕೇಳಿದ. ಕಳ್ಳನಿಗೆ ಏನನ್ನಿಸಿತೋ, ಹುಡುಕಿ ಕೊಟ್ಟ. ಚಂದ್ರಮೌಳಿ "ಥ್ಯಾಂಕ್ಯೂ, ಹ್ಯಾವ್ ಎ ನೈಸ್ ಡೇ" ಎಂದ.

ಮನೆಯ ಗರಾಜಿಗೆ ಬಂದು ತಿರುಗಿ ನೋಡಿದರೆ ದಿಯಾ ಸೀಟಿನ ಕೆಳಗೆ ಮುದುಡಿಕೊಂಡಿದ್ದಳು. ಅಪ್ಪನ ಪೌರುಷ ನೋಡಲಾರದೆ ಅಡಗಿದ್ದಾಳೆ ಎಂದುಕೊಂಡು ಅವನು ಏನೂ ಕೇಳಲಿಲ್ಲ. ಅಂದಿನಿಂದ ಅವಳು ಮುಂದಿನ ಸೀಟಿಗೆ ಬರುವುದನ್ನೇ ಬಿಟ್ಟಳು. ಗ್ಯಾಸ್ ಸ್ಟೇಷನ್ ಬಂತೆಂದರೆ ಜಾಕೆಟ್ಟಿನ ಟೋಪಿ ಎಳೆದುಕೊಂಡು ಕೆಳಕ್ಕೆ ಜಾರುವಳು. ಪರ್ಸ್ ಹೋದದ್ದು ಅವನಿಗೆ ಮರೆತೇ ಹೋಯಿತು. ಈ ಜಾರುವುದು ಮಾತ್ರ ಎದೆಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

ಆದರೂ ಕನ್ನಡ ಕೂಟದ ಊಟಗಳಲ್ಲಿ ಈ ಕತೆಯನ್ನು ಅಭಿನಯ ಸಹಿತ ಹೇಳುತ್ತಿದ್ದವನು ಅವನೇ. ಬೇರೆಯವರು ನಗುವ ಮೊದಲು ತಾನೇ ನಕ್ಕುಬಿಟ್ಟರೆ ಪೆಟ್ಟು ಕಡಿಮೆ ಎಂಬುದು ಅವನ ಲೆಕ್ಕ. ಕತೆ ಶುರುವಾದರೆ ದಿಯಾ ಎದ್ದು ಹೋಗುತ್ತಿದ್ದಳು. ಅವರದೇ ಬಡಾವಣೆಯ ಡೆಂಟಿಸ್ಟ್ ಶಿವರಾಮು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕು, "ನನ್ ಹತ್ರ ಇರೋದು ಅಸಲಿ ಅಮೆರಿಕನ್ ಕ್ಲಾಸಿಕ್ ರಿವಾಲ್ವರ್ ಕಣ್ರೀ. ನಾನಾಗಿದ್ರೆ..." ಎನ್ನುತ್ತಿದ್ದರು. ಅವರಾಗಿದ್ದರೆ ಏನು ಮಾಡುತ್ತಿದ್ದರು ಎಂಬುದನ್ನು ಯಾವತ್ತೂ ಹೇಳಿದವರಲ್ಲ.

ಸೆಪ್ಟೆಂಬರಿನಲ್ಲಿ ಪೊಲೀಸರ ಪರವಾನಗಿ ಪಡೆದು ಚಂದ್ರಮೌಳಿ ಬಂದೂಕಿನ ಅಂಗಡಿಗೆ ಹೋದ. ಶಿವರಾಮು ಹೇಳಿದ ಕ್ಲಾಸಿಕ್ಕಿನ ಬೆಲೆ ನೋಡಿ ಅವನ ಕೈ ತಾನಾಗಿಯೇ ಪಕ್ಕದ ಸಾಲಿಗೆ ಸರಿಯಿತು. ಅಲ್ಲಿ ಬೇರೆ ದೇಶದಲ್ಲಿ ತಯಾರಾದ, ಗಿಡ್ಡ ಮೂತಿಯ, ಐದು ಗುಂಡಿನ ರಿವಾಲ್ವರ್ ಇತ್ತು. ಉಕ್ಕಿಗೆ ನೀಲಿಗಪ್ಪು ಹೊಳಪು ಕೊಟ್ಟಿದ್ದರು, ಕಳಿತ ನೇರಳೆ ಹಣ್ಣಿನ ಬಣ್ಣ. ಅಂಗಡಿಯವನು "ಅದೇ ಥರದ್ದು, ಹೆಚ್ಚುಕಡಿಮೆ ಅರ್ಧ ಬೆಲೆ" ಎಂದ. ತನ್ನ ಕುಲದೇವರ ಮಂತ್ರ ಇವನಿಗೆ ಹೇಗೆ ಗೊತ್ತಾಯಿತು ಎಂದು ಚಂದ್ರಮೌಳಿಗೆ ಆಶ್ಚರ್ಯವಾಯಿತು. ಜೇಬಿನ ಭೂತಗನ್ನಡಿ ತೆಗೆದು ಇಪ್ಪತ್ತು ನಿಮಿಷ ಲೇಪವನ್ನು ಪರೀಕ್ಷಿಸಿದ. ನಿಯಮದ ಪ್ರಕಾರ ಪೊಲೀಸರ ಬಳಿಗೆ ತಪಾಸಣೆಗೆ ಒಯ್ದರೆ ಅಲ್ಲಿಯ ಅಧಿಕಾರಿ ಹತ್ತೇ ಸೆಕೆಂಡು ನೋಡಿ ಸಹಿ ಹಾಕಿದಳು. ಒಂದು ಬೋಲ್ಟಿಗೆ ನಾಲ್ಕು ನಿಮಿಷ ಕೊಡುವ ಮನುಷ್ಯನಿಗೆ ಅವಮಾನವಾದಂತಾಯಿತು.

"ಯಾವ್ ಕಂಪನೀದು?" ಎಂದು ಶಿವರಾಮು ಫೋನಿನಲ್ಲಿ ಕೇಳಿದರು.

"ನಿಮ್ದೇ ಥರದ್ದು."

"ಭೇಷ್! ವಿಜಯದಶಮಿ ದಿನ ಬಂದ್ ನೋಡ್ತೀನಿ."

ದಿಯಾ ರಿವಾಲ್ವರ್ ನೋಡಿ ಮೆಟ್ಟಿಲು ಹತ್ತಿ ಹೋದಳು. ಚಂದ್ರಮೌಳಿ ಅದಕ್ಕೆ ಬೀಗ ಹಾಕಿ ಬೀರುವಿನಲ್ಲಿಟ್ಟ. ಧೈರ್ಯವೂ ಅದರ ಜೊತೆಗೇ ಬೀರು ಸೇರಿತು.

ಆಯುಧ ಪೂಜೆ ಬಂತು. ಗರಾಜಿನಲ್ಲಿ ಎರಡು ಕಾರು, ಮಿಕ್ಸಿ, ಕಂಪ್ಯೂಟರ್ ಎಲ್ಲಕ್ಕೂ ಕುಂಕುಮ ಇಟ್ಟ ರೇಣು ಗಂಡನ ಮುಖ ನೋಡಿದಳು. "ಇಷ್ಟ್ ವರ್ಷ ಲಾನ್ ಮೂವರ್‌ಗೆ ಆಯುಧ ಪೂಜೆ ಮಾಡ್ಕೊಂಡ್ ಬಂದ್ವಿ. ಈಗ ನಿಜವಾದ ಆಯುಧಾನೇ ಇದೆ. ಅದನ್ನ ಬಿಟ್ರೆ ಚಾಮುಂಡಿ ಏನಂದ್ಕೊಳ್ತಾಳೆ ರೀ?"

ಚಾಮುಂಡಿಯನ್ನು ಎದುರುಹಾಕಿಕೊಳ್ಳುವ ಗಂಡಸು ಮೈಸೂರಿನಲ್ಲೇ ಇಲ್ಲ, ಇನ್ನು ಕ್ಯಾಂಟನ್ನಿನಲ್ಲಿ ಎಲ್ಲಿ ಬರಬೇಕು. ಚಂದ್ರಮೌಳಿ ರಿವಾಲ್ವರ್ ಖಾಲಿ ಇದೆಯೆಂದು ಮೂರು ಸಲ ನೋಡಿ ಬೆಳ್ಳಿ ತಟ್ಟೆಯಲ್ಲಿಟ್ಟ. ರೇಣು ಒದ್ದೆ ಅರಿಶಿನ ಬಳಿದು, ನಿಂಬೆಹಣ್ಣು ಕೊಯ್ದು, ಕುಂಕುಮ ಒತ್ತಿ, ಒಂದು ಹೋಳನ್ನು ನಳಿಗೆಯ ಮೇಲೆ, ಇನ್ನೊಂದನ್ನು ಗುಂಡಿನ ಉರುಳೆಯ ಮೇಲೆ ಕವುಚಿದಳು. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಮುಟ್ಟಬಾರದು. ಬೋಲ್ಟಿನ ಲೇಪ ಕೀಳಲು ಫ್ಯಾಕ್ಟರಿಯಲ್ಲಿ ಬಳಸುವುದೂ ಆಮ್ಲದ ಹುಳಿಯನ್ನೇ ಎಂಬುದು ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದ ಚಂದ್ರಮೌಳಿಗೆ ಹೊಳೆಯಲಿಲ್ಲ. ಅವನು ಭಕ್ತಿಯಿಂದ ಕೈಮುಗಿದು ಕಣ್ಣು ಮುಚ್ಚಿಕೊಂಡಿದ್ದ.

ಮರುದಿನ ಸಂಜೆ ಶಿವರಾಮು ಬಂದರು. ಬನ್ನಿ ಎಲೆ ಸಿಗದ ಊರಾದ್ದರಿಂದ ಕರಿಬೇವಿನ ಎಲೆ ಕೊಟ್ಟು ಬಂಗಾರವೆಂದು ಹಂಚಿಕೊಂಡದ್ದಾಯಿತು. ಅದೂ ಅದೇ ಥರದ್ದೇ. ಚಂದ್ರಮೌಳಿ ತಟ್ಟೆ ತಂದು ನಿಂಬೆಹೋಳು ಎತ್ತಿದ. ಅಡಿಯಲ್ಲಿ ನೇರಳೆ ಬಣ್ಣವೇ ಇರಲಿಲ್ಲ. ಎರಡು ಬಿಳಿಚು ವೃತ್ತಗಳಿದ್ದವು, ಅವುಗಳ ಸುತ್ತ ಕೆಂಪು ತುಕ್ಕು. ರಿವಾಲ್ವರ್ ಕನ್ನಡಕ ಹಾಕಿಕೊಂಡ ಹಾಗೆ ಕಾಣುತ್ತಿತ್ತು.

ಶಿವರಾಮು ಅದನ್ನು ತಿರುಗಿಸಿ ಕಂಪನಿಯ ಹೆಸರು ಓದಿದರು. ಆಮೇಲೆ ಸೋಫಾದ ಮೇಲೆ ಉರುಳಾಡಿ ನಕ್ಕರು. "ಮೌಳಿ, ಇದನ್ನ ತೋರ್ಸಿದ್ರೆ ಕಳ್ಳ ಪಾಪ ಅಂತ ಅವನ ಪರ್ಸನ್ನೇ ನಿಮ್ಗೆ ಕೊಟ್ಟ್ ಹೋಗ್ತಾನೆ! ಎಲ್ಲಿ, ಆ ಥ್ಯಾಂಕ್ಯೂ ಕತೆ ಇನ್ನೊಂದ್ಸಲ ಹೇಳ್ರೀ."

ಚಂದ್ರಮೌಳಿ ಅಭ್ಯಾಸಬಲದಿಂದ ಎದ್ದು ನಿಂತು ಎರಡೂ ಕೈ ಮೇಲೆತ್ತಿದ. ಮೆಟ್ಟಿಲ ಮೇಲಿನಿಂದ ದಿಯಾಳ ದನಿ ಬಂತು. ಅವಳು ಇಂಗ್ಲಿಷಿನಲ್ಲಿ, ಡ್ಯಾಡಿ ಯಾವಾಗಲೂ ಅರ್ಧ ಕತೆ ಹೇಳುತ್ತಾರೆ, ಅರ್ಧವನ್ನು ಬಿಡುತ್ತಾರೆ ಎಂದಳು.

"ಯಾವ ಅರ್ಧ?" ಚಂದ್ರಮೌಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ದಿಯಾ ತನ್ನ ಅಮೆರಿಕನ್ ನಾಲಗೆಯಲ್ಲಿ ಒಂದೊಂದೇ ಕನ್ನಡ ಪದ ಜೋಡಿಸಿದಳು. "ಪುಟ್ಟಿ, ಕೆಳಗೆ ಮಲಕ್ಕೋ. ನಾನ್ ಕರೆಯೋವರ್ಗೂ ಏಳ್ಬೇಡ."

ಅಂದು ಕಳ್ಳನ ಮುಖ ನೋಡಿಕೊಂಡೇ, ನಗುತ್ತಲೇ ಅಪ್ಪ ಹಾಗೆಂದರಂತೆ. ಏನಂದೆ ಎಂದು ಅವನು ಗದರಿದಾಗ ದೇವರ ಪ್ರಾರ್ಥನೆ ಎಂದರಂತೆ. ಲೈಸೆನ್ಸು, ಥ್ಯಾಂಕ್ಯೂ ಎಂದು ಅವನನ್ನು ಮಾತಿನಲ್ಲೇ ಹಿಡಿದಿಟ್ಟರಂತೆ. ಅವನು ಕಾರಿನೊಳಗೆ ಒಮ್ಮೆಯೂ ನೋಡಲಿಲ್ಲ. "ನೀವೆಲ್ಲ ನಗ್ತೀರಿ, ಅದಕ್ಕೇ ನಾನು ಎದ್ದು ಹೋಗೋದು" ಎಂದು ಇಂಗ್ಲಿಷಿನಲ್ಲಿ ಹೇಳಿ, ಅವಳು ಅಪ್ಪನ ಕಡೆ ತಿರುಗಿದಳು. "ಬಟ್ ಡ್ಯಾಡಿ, ನೀನು ನನ್ನನ್ನ ಕರೀಲೇ ಇಲ್ಲ."

ಶಿವರಾಮು ಕನ್ನಡಕ ಒರೆಸಿಕೊಂಡರು. ಚಂದ್ರಮೌಳಿಗೆ ಇಷ್ಟು ದಿನ ಆ ಪಿಸ್ತೂಲು, ಥ್ಯಾಂಕ್ಯೂ ಮಾತ್ರ ನೆನಪಿದ್ದವು, ಮಗಳಿಗೆ ಆಡಿದ ಮಾತು ಈಗ ನೆನಪಾಯಿತು. ಲೈಸೆನ್ಸ್ ಕೇಳಿದ್ದು ಮಾತ್ರ ಮತ್ತೆ ಕಚೇರಿಯ ಸಾಲಿನಲ್ಲಿ ನಿಲ್ಲಬೇಕಲ್ಲ ಎಂಬ ಭಯಕ್ಕೇ. ಅದನ್ನು ಅವನು ಹೇಳಲಿಲ್ಲ. ಒಂದು ಸಲವಾದರೂ ಅಸಲಿಯವನಾಗಿ ಕಾಣುವ ಆಸೆ ಯಾರಿಗಿರುವುದಿಲ್ಲ?

ಶನಿವಾರ ರಿವಾಲ್ವರ್ ಹಿಂದಕ್ಕೆ ಮಾರಲು ಹೊರಟಾಗ ದಿಯಾಳೂ ಬಂದಳು, ಹಿಂದಿನ ಸೀಟಿನಲ್ಲೇ. ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದು, ಸಮುದ್ರಕ್ಕೆ ಬಿದ್ದಿತ್ತೇ ಎಂದು ಕೇಳಿದ.

"ಇಲ್ಲ, ಪೂಜೆ ಮಾಡಿದ್ವಿ" ಎಂದ ಚಂದ್ರಮೌಳಿ.

ಬರುವಾಗ ಕಾರಿನಲ್ಲಿ ಗ್ಯಾಸ್ ಮುಗಿಯುತ್ತ ಬಂದಿತ್ತು. ಅವನು ಬೇಕೆಂದೇ ಅದೇ ಗ್ಯಾಸ್ ಸ್ಟೇಷನ್ನಿಗೆ ತಿರುಗಿಸಿ, ಅದೇ ಪಂಪಿನ ಮುಂದೆ ನಿಲ್ಲಿಸಿದ. ಕನ್ನಡಿಯಲ್ಲಿ ದಿಯಾ ಟೋಪಿ ಎಳೆದುಕೊಂಡು ಜಾರುವುದು ಕಂಡಿತು. ಬೆಲ್ಟ್ ಬಿಚ್ಚಿ, ಪೂರ್ತಿ ಹಿಂದಕ್ಕೆ ತಿರುಗಿ ಕರೆದ.

"ಪುಟ್ಟಿ, ಏಳಮ್ಮ. ಅವನು ಹೋದ."

ದಿಯಾ ಎದ್ದಳು. ಕಾರಿನಿಂದ ಇಳಿದು ಬಂದು, ಟ್ಯಾಂಕು ತುಂಬುವವರೆಗೂ ಅಪ್ಪನ ಪಕ್ಕದಲ್ಲಿ ನಿಂತಿದ್ದು, ಆಮೇಲೆ ಮುಂದಿನ ಸೀಟಿನಲ್ಲಿ ಕೂತಳು.