ಕಬ್ಬಿಣದ ಗುಂಡಿನ ಕೆಳಗೆ ‘ಬರ್ರಿ’ ಅಂದದ್ದು

ನಮ್ಮ ಹಾಲ್‌ನಲ್ಲಿ ಒಂದು ಟೈಲ್ಸ್ ಒಡೆದಿದೆ. ಇನ್ನೂ ಬದಲಾಯಿಸಿಲ್ಲ. ಗುಡಿಸುವಾಗ ಪೊರಕೆ ಅದರ ಅಂಚಿಗೆ ತಾಕಿದರೆ ಸಾಕು, ನನ್ನ ಕೈ ನಿಂತುಬಿಡುತ್ತದೆ. ಆ ಬಿರುಕಿಗೂ ನನ್ನ ಗಂಡನ ಕಿವಿಗೂ ನಡುವೆ ಇದ್ದದ್ದು ಒಂದು ಗೇಣು.

ಖರಾಡಿಯ ಆಫೀಸಿನಲ್ಲಿ ದಿನವಿಡೀ ಬಾಗಿ ಕೂತು ಕೂತು ಅವರ ಬಲಭುಜ ಬಿಗಿದುಕೊಂಡಿತ್ತು. ಅಂಗಿಯ ತೋಳು ಹಾಕಿಕೊಳ್ಳಲೂ ನನ್ನನ್ನು ಕರೆಯುತ್ತಿದ್ದರು. ಮಗರಪಟ್ಟಾದ ನಮ್ಮ ವಸತಿ ಸೊಸೈಟಿಯ ಜಿಮ್‌ನಲ್ಲಿ ಕಲಿಸುವ ಮರಾಠಿ ಮೇಡಂ, ಈ ಭುಜಕ್ಕೆ ವಿಶ್ರಾಂತಿಯಲ್ಲ, ಸರಿಯಾದ ಚಲನೆ ಬೇಕು ಎಂದು ಹೇಳಿ, ತಿಂಗಳುಗಟ್ಟಲೆ ಬರಿಗೈಯಲ್ಲಿ ತಿದ್ದಿ, ಆಮೇಲೆ ಕೆಟಲ್‌ಬೆಲ್ ಹಿಡಿಸಿದರು. ಅಂದರೆ ಹಿಡಿಕೆ ಇರುವ ಕಬ್ಬಿಣದ ಗುಂಡು. ಅಂಗಾತ ಮಲಗಿ ಅದನ್ನು ಒಂದೇ ಕೈಯಲ್ಲಿ ಮೇಲಕ್ಕೆತ್ತಬೇಕು. ಆ ಕೈ ಮಡಚದಂತೆ, ಇನ್ನೊಂದು ಕೈಯ ಮೊಣಕೈ ಊರಿ, ಅಂಗೈ ಊರಿ, ಮಂಡಿಯೂರಿ ಎದ್ದು ನಿಲ್ಲಬೇಕು. ಮತ್ತೆ ಬಂದ ದಾರಿಯಲ್ಲೇ ಮಲಗಬೇಕು. ಮೇಡಂ ಒತ್ತಿ ಹೇಳುತ್ತಿದ್ದದ್ದು ಎರಡೇ ಮಾತು: ಕಣ್ಣು ಗುಂಡಿನ ಮೇಲೇ ಇರಲಿ, ಗುಂಡು ಜಾರಿದರೆ ಹಿಡಿಯಲು ಹೋಗಬೇಡಿ, ಬಿಟ್ಟು ಸರಿಯಿರಿ. “ನಜರ್ ವರ್, ನಜರ್ ವರ್” ಎಂದು ಅವರು ಕೂಗುವುದನ್ನು, ದೃಷ್ಟಿ ಮೇಲೆ ಎನ್ನುವ ಆ ಮರಾಠಿ ಮಾತನ್ನು, ಇವರು ಮನೆಯಲ್ಲಿ ಅಣಕಿಸಿ ನಗುತ್ತಿದ್ದರು.

ಆವತ್ತು ಭಾನುವಾರ. ಗಾಳಿ ಬರಲಿ ಎಂದು ಬಾಗಿಲು ತೆರೆದೇ ಇತ್ತು. ಟೀಪಾಯಿ ಸರಿಸಿ ಇವರು ಬಾಗಿಲ ಕಡೆ ಕಾಲು ಮಾಡಿ ಮಲಗಿದ್ದರು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಗುಂಡು ಮೇಲಿತ್ತು, ಮೊಣಕೈ ಊರಿ ಅರ್ಧ ಎದ್ದಿದ್ದರು. ಆಗ ಬಾಗಿಲಲ್ಲಿ ಕಾಕಾ.

ಇವರ ತಂದೆಯ ತಮ್ಮ. ಇವರನ್ನು ಬೆಳಗಾವಿಯಲ್ಲಿ ಮನೆಯಲ್ಲಿಟ್ಟುಕೊಂಡು ಓದಿಸಿದವರು. ಯಾವಾಗಲೂ ಹೀಗೆಯೇ, ಫೋನ್ ಮಾಡದೆ ಸ್ವಾರಗೇಟಿನಲ್ಲಿ ಬಸ್ಸಿಳಿದು ರಿಕ್ಷಾ ಹಿಡಿದು ಬಂದುಬಿಡುತ್ತಾರೆ. ಕೈಯಲ್ಲಿ ರೊಟ್ಟಿಯ ಗಂಟು.

“ಏನಪಾ ಸಾಹೇಬಾ, ಬೆಳಿಗ್ಗೆನ ನೆಲಾ ಹಿಡದೀಯಲ್ಲಾ!”

“ಬರ್ರಿ ಕಾಕಾ, ಕೂಡ್ರಿ...”

ಆ ಮನೆಯಲ್ಲಿ ಬೆಳೆದವರು ಹಿರಿಯರು ಬಂದಾಗ ಬೇರೆ ಕಡೆ ನೋಡುತ್ತ ಮಾತಾಡುವುದಿಲ್ಲ. ಹಿರಿಯರ ಎದುರು ಕಾಲು ಚಾಚುವುದಂತೂ ಇಲ್ಲವೇ ಇಲ್ಲ. ಕಣ್ಣು ಗುಂಡಿನಿಂದ ಇಳಿದು ಕಾಕಾನ ಮುಖಕ್ಕೆ ಬಂತು. ಅದೇ ಕ್ಷಣಕ್ಕೆ ಎರಡೂ ಕಾಲು ಸರಕ್ಕನೆ ಒಳಗೆಳೆದುಕೊಂಡರು. ಮೈ ವಾಲಿತು. ಎತ್ತಿದ ಕೈ ಮಡಚಿತು. ನಾನು ನೋಡುತ್ತಿದ್ದೆ, ಅಷ್ಟೇ. ಗುಂಡು ತಲೆಯ ಕಡೆ ಬರುವಾಗ ಅವರು ಅದನ್ನು ಬಿಡಲಿಲ್ಲ, ತಡೆಯಲು ಹೋದರು. ಭುಜದಲ್ಲಿ ಏನೋ ಕಟ್ ಎಂದಿತು. ಆಮೇಲೆ ನೆಲದ ಸದ್ದು.

ಅವರು ಕದಲಲಿಲ್ಲ. ಟೈಲ್ಸಿನ ಪುಡಿ ಕೂದಲ ಮೇಲಿತ್ತು. ರಕ್ತ ಎಲ್ಲಿದೆ ಎಂದು ನಾನು ಹುಡುಕುತ್ತಿದ್ದೆ. ಎಲ್ಲೂ ಇರಲಿಲ್ಲ. ಆದರೂ ಹುಡುಕುತ್ತಲೇ ಇದ್ದೆ.

“ತಲೀಗೆ ಬಡೀತೇನ್ಲೇ? ಮಾತಾಡೋ!” ಎಂದು ಕಾಕಾ ಕೂಗಿದಾಗ, ಇವರು ಮಲಗಿದಲ್ಲಿಂದಲೇ, “ಚಹಾ ಇಡು ಕಾಕಾಗ” ಎಂದರು ನನಗೆ. ಕಾಕಾ ಅತ್ತರು.

ಭುಜದ ಸ್ನಾಯು ಹರಿದಿತ್ತು. ಕೈ ಕುತ್ತಿಗೆಗೆ ಕಟ್ಟಿದ ಜೋಳಿಗೆಯಲ್ಲಿ ಕೂತಿತು. ಮತ್ತೆ ಮೊದಲಿನಿಂದ: ಗೋಡೆಗೆ ಬೆನ್ನು ಹಚ್ಚಿ ಕೈ ಜಾರಿಸುವುದು, ಮುಷ್ಟಿಯ ಮೇಲೆ ಚಪ್ಪಲಿ ಇಟ್ಟುಕೊಂಡು ಅದು ಬೀಳದಂತೆ ಏಳುವುದು. ಚಪ್ಪಲಿ ಬಿದ್ದರೂ ನಾನು ಬೆಚ್ಚುತ್ತಿದ್ದೆ. ಆ ಗುಂಡನ್ನು ಹಳೇ ಕಬ್ಬಿಣ ಕೊಳ್ಳುವ ಭಂಗಾರದವನಿಗೆ ಕೊಟ್ಟುಬಿಡೋಣ ಎಂದೆ. “ಹಿಂಗ ಬಿಟ್ರ ಭುಜ ಬಿಗೀತದ, ಆಮ್ಯಾಲೆ ಅಂಗಿ ತೊಡ್ಸಾಕ ನೀನ ಬರಬೇಕು” ಎಂದರು. ತೊಡಿಸುತ್ತೇನೆ, ಜನ್ಮವಿಡೀ ತೊಡಿಸುತ್ತೇನೆ ಎಂದೆ. ಅವರು ನಗಲಿಲ್ಲ. ಡಾಕ್ಟರೂ ಮೇಡಮ್ಮೂ ಹಗುರ ಗುಂಡಿನಿಂದ ಶುರು ಮಾಡಿ ಎಂದಿದ್ದರು.

ಶುರುವಾದ ದಿನ ಕಾಕಾ ಕಣ್ಣು ತೋರಿಸಲು ಬಂದು ನಮ್ಮಲ್ಲೇ ಇದ್ದರು. ಇವರು ಚಾಪೆಯನ್ನು ಬಾಲ್ಕನಿಯ ಕಡೆ ತಿರುಗಿಸಿ ಹಾಸಿದರು, ಕಾಲು ಯಾರಿಗೂ ಎದುರಾಗದ ಹಾಗೆ. ಕಾಕಾ ನೋಡಿದರು. ಕುರ್ಚಿ ಎಳೆದುಕೊಂಡು ಹೋಗಿ ಸರಿಯಾಗಿ ಇವರ ಪಾದಗಳ ಎದುರೇ ಕೂತರು.

“ಚಾಚು ಕಾಲು.”

“ಕಾಕಾ, ಹಂಗ್ಯಾಕ್ರಿ...”

“ಚಾಚಂದ್ರ ಚಾಚು. ಇವತ್ತ ನನ್ನ ಮಾರಿ ನೋಡೀದಿ ಅಂದ್ರ ನೋಡು ಮತ್ತ!”

ಇವರು ಕಾಲು ಚಾಚಿದರು. ಗುಂಡು ಮೇಲೆ ಹೋಯಿತು. ಮೊಣಕೈ. ಅಂಗೈ. ನಾನು ಗುಂಡನ್ನು ನೋಡುತ್ತಿರಲಿಲ್ಲ, ಅವರ ಕಣ್ಣನ್ನು ನೋಡುತ್ತಿದ್ದೆ.

ಬಾಗಿಲ ಕರೆಗಂಟೆ ಸದ್ದು ಮಾಡಿತು.

ಅವರ ರೆಪ್ಪೆ ಅದುರಿತು. ನಾನು ಏಳಹೋದೆ, ಕಾಕಾ ಕೂಡು ಎಂದು ಕೈ ಮಾಡಿದರು. ಮತ್ತೆ ಗಂಟೆ. ಆಚೆ ಯಾರೋ ಹಿರಿಯರೇ ಇರಬಹುದು, ಬಿಸಿಲಲ್ಲಿ ಬಂದವರಿರಬಹುದು. ನಾವು ಮೂವರೂ ಮನೆಯಲ್ಲಿ ಯಾರೂ ಇಲ್ಲವೆಂಬಂತೆ ಇದ್ದೆವು. ಇವರ ಕಣ್ಣು ಮೇಲೆಯೇ ಇತ್ತು. ಮಂಡಿಯೂರಿದರು, ನಿಂತರು. ಮತ್ತೆ ಒಂದೊಂದೇ ಮೆಟ್ಟಿಲಿಳಿದಂತೆ ಮಲಗಿ, ಗುಂಡನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕಕ್ಕಿಟ್ಟರು.

ನಾನು ಓಡಿಹೋಗಿ ಬಾಗಿಲು ತೆಗೆದೆ. ಲಿಫ್ಟ್ ಕೆಳಗಿಳಿಯುತ್ತಿತ್ತು. ಬಂದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ.